ನೀರುಗಂಟಿಯ ಮಾತು

ಮಳೆಗೆ ಹಳ್ಳ ತುಂಬಿ ಬಂದ ಮೇಲೆ ಊರಿನ ನಲ್ಲಿಗಳಲ್ಲಿ ಚಹಾದ ಬಣ್ಣದ ನೀರು ಬರತೊಡಗಿತು. ನೀರು ಬಿಡುವ ನೀರುಗಂಟಿಯನ್ನು ಹೆಂಗಸರು ನಲ್ಲಿಕಟ್ಟೆಯಲ್ಲೇ ತರಾಟೆಗೆ ತೆಗೆದುಕೊಂಡರು.

“ದನಾನೂ ಮೂಸಂಗಿಲ್ಲ ಇದನ್ನ. ನಾವು ಕುಡೀಬೇಕೇನೋ?”

“ಟ್ಯಾಂಕಿಗೆ ಎರಡು ಪಟ್ಟು ಬ್ಲೀಚಿಂಗ್ ಪೌಡರ್ ಹಾಕೀನಿ ಯಕ್ಕಾ. ಮಣ್ಣು ಕೆಳಗ ಕುಂತ ಮ್ಯಾಲ ಕಣ್ಣು ಮುಚ್ಚಿ ಕುಡೀರಿ,” ಎಂದ ಅವನು.

ಎರಡು ದಿನದ ಮೇಲೆ ನೀರು ಪರೀಕ್ಷಿಸಲು ಬಂದ ನರ್ಸ್, ಸೀಸೆಯನ್ನು ಬಿಸಿಲಿಗೆ ಹಿಡಿದು ಅಡ್ಡಡ್ಡ ತಲೆಯಾಡಿಸಿದಳು.

“ಅಣ್ಣಾ, ರಾಡಿ ನೀರಿಗೆ ಎಷ್ಟು ಔಷಧ ಹಾಕಿದ್ರೂ ಹತ್ತಂಗಿಲ್ಲ. ಮಣ್ಣೇ ಅದನ್ನ ನುಂಗತೈತಿ, ರೋಗದ ಹುಳ ಹಂಗೇ ಉಳೀತಾವ. ಕುದಿಸದೇ ಯಾರೂ ಕುಡೀಬಾರದು.”

ನೀರು ಕುದಿಸಿಯೇ ಕುಡಿಯಿರಿ ಎಂದು ಹೇಳಲು ಅವನು ಮನೆ ಮನೆಗೂ ಓಡಿದ.

“ನಿನ್ನ ಮಾತು ನಂಬಾಕ ನಮಗೇನು ಹುಚ್ಚು ಹಿಡದೈತೇನು? ಸೋಸಿ, ಕುದಿಸೇ ಕುಡದೀವಿ,” ಎಂದು ಮುದುಕಿಯೊಬ್ಬಳು ಬೈದಳು. ಎಲ್ಲ ಮನೆಗಳಲ್ಲೂ ಅದೇ ಬೈಗುಳ. ಬೈಸಿಕೊಂಡಷ್ಟೂ ಅವನ ಜೀವ ಹಗುರಾಯಿತು. ಊರಿನಲ್ಲಿ ತನ್ನನ್ನು ಯಾರೂ ನಂಬುವುದಿಲ್ಲವಲ್ಲ ಎಂದು ದೇವರಿಗೆ ಕೈ ಮುಗಿದ.

ಕೊನೆಗೆ ತನ್ನ ಮನೆಗೆ ಬಂದ. ಬೆಳಿಗ್ಗೆ ಆಡುತ್ತಿದ್ದ ಎರಡು ವರ್ಷದ ಮಗಳು ವಾಂತಿಭೇದಿಯಿಂದ ಬಸವಳಿದು ತಾಯಿಯ ತೊಡೆಯ ಮೇಲೆ ಬಿದ್ದಿದ್ದಳು. ಎತ್ತಿಕೊಂಡರೆ, ಕೈಕಾಲು ಆಗಲೇ ತಣ್ಣಗಾಗಿದ್ದವು.

“ನೀರು ಕುದಿಸಿದ್ದಿಲ್ಲೇನ?” ಎಂದ.

ಹೆಂಡತಿ ಅವನ ಮುಖವನ್ನೇ ನೋಡಿದಳು.

“ಔಷಧ ಹಾಕೀನಿ ಅಂದಿದ್ರಲ್ರೀ ನೀವು.”