ಗೌರವ ಪ್ರತಿ

ಕಾಲೇಜಿನ ಕಥಾಸ್ಪರ್ಧೆಗೆ ತೀರ್ಪುಗಾರರಾಗಿ ಬಂದಿದ್ದ ಹಿರಿಯ ವಿಮರ್ಶಕರಿಗೆ ಒಂದು ಕಥೆ ಮಾತ್ರ ನುಂಗಲಾರದ ತುತ್ತಾಗಿತ್ತು. ಹದಿನೆಂಟರ ಹುಡುಗಿಗೆ ಇಷ್ಟು ಪಳಗಿದ ಭಾಷೆ ಎಲ್ಲಿಂದ ಬರಬೇಕು? ಬಹುಮಾನ ಘೋಷಿಸುವ ಮೊದಲು ಅವಳನ್ನು ಪ್ರಿನ್ಸಿಪಾಲರ ಕೋಣೆಗೆ ಕರೆಸಿದರು.

"ನಿಜ ಹೇಳಮ್ಮ, ಯಾವ ಪುಸ್ತಕದಿಂದ ಎತ್ತಿದ್ದು?"

"ಎತ್ತಿಲ್ಲ ಸರ್, ನಾನೇ ಬರೆದಿದ್ದು." ಹುಡುಗಿಯ ಕಣ್ಣು ತುಂಬಿತು.

"ನೀವೆಲ್ಲ ಒಂದು ಪುಸ್ತಕ ಮುಟ್ಟೋರಲ್ಲ. ಓದದೇ ಇರೋರ ಕೈಯಲ್ಲಿ ಇಂಥ ವಾಕ್ಯ ಹುಟ್ಟತ್ತಾ?"

"ಓದ್ತೀನಿ ಸರ್. ನಮ್ಮಪ್ಪಂದು ಗುಜರಿ ಅಂಗಡಿ. ಒಂದು ಮನೆಯಿಂದ ತಿಂಗಳಿಗೊಂದು ಚೀಲ ಪುಸ್ತಕ ಬರತ್ತೆ. ಕಥೆ, ಕವಿತೆ, ಎಲ್ಲಾ ಹೊಸಾವು. ಒಂದು ಹಾಳೆ ಮಗುಚಿದ ಗುರುತೂ ಇರಲ್ಲ. ಅಪ್ಪ ರದ್ದಿಗೆ ಕಳಿಸೋ ಮುಂಚೆ ಅಷ್ಟನ್ನೂ ಓದಿಬಿಡ್ತೀನಿ."

ವಿಮರ್ಶಕರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಹೋಗಲಿ ಬಿಡಮ್ಮ, ನೀನು ಹೊರಡು," ಎಂದರು.

ಪ್ರಿನ್ಸಿಪಾಲರು ಬಿಡಲಿಲ್ಲ. "ಹೊಸಾ ಪುಸ್ತಕಾನ ಓದದೇ ಗುಜರಿಗೆ ಹಾಕೋರಿಗೆ ನಾಚ್ಕೆ ಅನ್ನೋದು ಬೇಡ್ವಾ? ಯಾರಮ್ಮ ಆ ಪುಣ್ಯಾತ್ಮರು?"

ಹುಡುಗಿ ಕಣ್ಣೊರೆಸಿಕೊಂಡು ವಿಮರ್ಶಕರ ಕಾಲಿಗೆ ನಮಸ್ಕರಿಸಿದಳು.

"ನೀವು ಬರ್ತೀರಿ ಅಂತ ಗೊತ್ತಾಗಿಯೇ ಈ ಸ್ಪರ್ಧೆಗೆ ಬರೆದೆ ಸರ್. ಎಲ್ಲಾ ಪುಸ್ತಕದ ಮೊದಲ್ನೇ ಹಾಳೇಲೂ ಬರೆದೋರು 'ದಯವಿಟ್ಟು ಓದಿ ಹರಸಿ' ಅಂತ ಹಾಕಿ, ಮೇಲೆ ನಿಮ್ಮ ಹೆಸರೇ ಬರೆದಿದಾರೆ."