ಮೆಟ್ಟಿಲಿಲ್ಲದ ಮಾಳಿಗೆ

ಹುಲಿಗೆವ್ವ ಮತ್ತು ಸಾತವ್ವ ಕಾಯಿಪಲ್ಲೆ ಮಾರುತ್ತಿದ್ದ ಚಪ್ಪರವನ್ನು ಹಣಮಂತ್ರಾಯ ಸಂತೆಯ ದಿನವೇ ಕೀಳಿಸಿದ. ಬದನೆಕಾಯಿ ಬುಟ್ಟಿಗಳು ಗಟಾರಕ್ಕೆ ಬಿದ್ದವು. ಜಾಗದ ಕಾಗದ ಅವನ ಹೆಸರಿಗೆ ಆಗಿತ್ತು.

ಮುದ್ದೇಬಿಹಾಳದ ಬಜಾರಿನಲ್ಲಿ ಅರಿವೆ ಅಂಗಡಿಗೂ ಮುದುಕಿ ಅಮೀನಾಬಿಯ ಮನೆಗೂ ನಡುವೆ ಉಳಿದಿದ್ದ ಖಾಲಿ ಜಾಗ ಅದು. ಹುಲಿಗೆವ್ವ, ಸಾತವ್ವರ ತಾಯಂದಿರೂ ಅಲ್ಲೇ ಕೂತು ಮಾರಿದವರು. ಕೂತು ಮಾರಿದ್ದಕ್ಕೆ ಕಾಗದ ಯಾರು ಮಾಡಿಸುತ್ತಾರೆ? ಊರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಜನ ಬಂದರು, ತಾಳಿಕೋಟೆಯ ಬಸ್ಸು ಹೆಚ್ಚಾದವು, ಸಂದಿಗೊಂದಿಗೂ ಬೆಲೆ ಬಂತು. ಕೆಳಗೆ ಸಾಲು ಅಂಗಡಿ, ಮೇಲೆ ಬಾಡಿಗೆ ಮನೆ ಎಂದು ಹಣಮಂತ್ರಾಯ ಪಾಯ ತೋಡಿಸಿದ.

ಚಪ್ಪರ ಕಿತ್ತ ದಿನ ಅಮೀನಾಬಿ ತನ್ನ ಬಾಗಿಲಲ್ಲಿ ನಿಂತು ನೋಡಿದ್ದಳು. ಮುದುಕಿ ಕೋರ್ಟು ಕಚೇರಿ ಎಂದು ಹೊರಟಾಳು ಎಂಬ ಅಂಜಿಕೆ ಹಣಮಂತ್ರಾಯನಿಗೆ ಒಳಗೊಳಗೇ ಇತ್ತು.

ಗೋಡೆ ಎದೆಮಟ್ಟ ಎದ್ದಾಗ, ಮೇಲೆ ಹತ್ತಲು ಮೆಟ್ಟಿಲು ಎಲ್ಲಿಡುವುದೆಂದು ಗೌಂಡಿ ತಲೆ ಕೆರೆದುಕೊಂಡ. “ಪಾವಟಿಗಿಗೆ ಜಾಗಾ ಬಿಟ್ರ ಒಂದು ಅಂಗಡಿ ಹೋಗ್ತೈತ್ರಿ ಸಾವ್ಕಾರ್ರ.”

ಸಾಹುಕಾರನ ಜೀವವೇ ಹೋದಂತಾಯಿತು. ಆಗ ಪಕ್ಕದ ಅಂಗಳದಿಂದ ಅಮೀನಾಬಿಯ ದನಿ ಬಂತು.

“ಪಾವಟಿಗಿ ಯಾಕ ಕಟ್ಟಸ್ತಿ ಹಣಮಂತಾ? ನನ್ನ ಅಂಗಳದಾಗ ಅದಾವಲ್ಲ. ನಮ್ಮ ಮಾಳಿಗಿ ಹತ್ತಿ ನಿಮ್ಮದಕ್ಕ ದಾಟು.”

“ನಿಮ್ಮ ಮನಿತನದಾಗ ಗೋಷೆ ಐತಲ್ಲ ಚಾಚಿ? ಪರಗಂಡಸರು ಅಂಗಳದಾಗ ಓಡ್ಯಾಡಿದ್ರ ಹೆಂಗ?”

“ಹಲ್ಲು ಉದುರಿದಾಕಿಗೆ ಎಂಥಾ ಗೋಷೆನೋ. ಅದೇನಿದ್ರೂ ಹರೇದ ಹೆಣ್ಮಕ್ಕಳಿಗೆ.”

ಅವಳ ಮಕ್ಕಳು ಸೊಲ್ಲಾಪುರದ ಗಿರಣಿಗಳಲ್ಲಿದ್ದರು. ಊರಿನ ಕಡೆ ತಲೆ ಹಾಕಿ ವರ್ಷಗಳಾಗಿದ್ದವು. ಮನೆಯಲ್ಲಿ ಅವಳೊಬ್ಬಳೇ. ಮುದುಕಿ ತನಗೆ ಅಂಜಿದ್ದಾಳೆ ಎಂದು ಹಣಮಂತ್ರಾಯ ತೀರ್ಮಾನಿಸಿದ. ಮೆಟ್ಟಿಲಿನ ಜಾಗಕ್ಕೂ ಅಂಗಡಿಯ ಬಾಗಿಲು ಬಂತು.

ಕಟ್ಟಡ ಮುಗಿಯಿತು. ಸಾರುವೆ ಬಿಚ್ಚಿದರು. ಗೃಹಪ್ರವೇಶದ ದಿನ ಹಣಮಂತ್ರಾಯ ರೇಷ್ಮೆ ಧೋತರ ಉಟ್ಟು, ಎಲ್ಲರಿಗಿಂತ ಮೊದಲೇ ಅಮೀನಾಬಿಯ ಅಂಗಳ ಹಾದು ಮೇಲೆ ಹತ್ತಿದ. ಗ್ಯಾಲರಿಯಲ್ಲಿ ನಿಂತು ಬಜಾರನ್ನು ಕಣ್ತುಂಬ ನೋಡಿದ. ಪೂಜೆಗೆ ಬಂದ ಅಯ್ಯನವರು, ಬಾಡಿಗೆಗೆ ಬರಲಿದ್ದ ಶಿರಸ್ತೇದಾರರ ಸಾಮಾನಿನ ಚಕ್ಕಡಿ, ಬೀಗರು ಎಲ್ಲ ಬೀದಿಯಲ್ಲಿ ಸೇರುತ್ತಿದ್ದರು. ಕರೆದು ತರಲೆಂದು ತಿರುಗಿ ಮಾಳಿಗೆಯ ಅಂಚಿಗೆ ಬಂದವನು ಗಕ್ಕನೆ ನಿಂತ.

ಅಂಗಳದಲ್ಲಿ ಬುರ್ಖಾ ತೊಟ್ಟ ಹೆಂಗಸರಿಬ್ಬರು ಕೆಳಗಿನ ಮೆಟ್ಟಿಲ ಮೇಲೇ ಕೂತಿದ್ದರು. ಮುಂದೆ ಕೊತ್ತಂಬರಿ ರಾಶಿ.

“ಅಲ್ಲೇ ನಿಂದ್ರು,” ಎಂದಳು ಅಮೀನಾಬಿ. “ಸೊಸೆಂದಿರು ಬಂದಾರ. ಗೋಷೆದವ್ರು. ಇನ್ನ ಈ ಅಂಗಳದಾಗ ಗಂಡಸರ ಕಾಲು ಬೀಳಾಂಗಿಲ್ಲ.”

“ಯಾವಾಗ ಬಂದ್ರು?”

“ಇರಾಕ ಜಾಗಾ ಇಲ್ಲಂತ ಅಳಾಕತ್ತಿದ್ರು. ಕರಕೊಂಡೇನಿ.”

ಸೊಲ್ಲಾಪುರದಲ್ಲಿ ಮನೆ ಸಿಗುವುದು ಕಷ್ಟವೆಂದು ಅವನೂ ಕೇಳಿದ್ದ. ಹೆಂಗಸರು ಕೊತ್ತಂಬರಿಯನ್ನು ಸೋಸುವುದು ಬಿಟ್ಟು ಸಣ್ಣ ಸಣ್ಣ ಕಟ್ಟು ಕಟ್ಟಿ ಇಡುತ್ತಿದ್ದರು. ಗಿರಣಿ ಊರಿನ ಸೊಸೆಯರಿಗೆ ಅಡಿಗೆಮನೆ ಕೆಲಸ ಎಲ್ಲಿ ಬರಬೇಕು ಎಂದುಕೊಂಡು ಮುಖ ತಿರುಗಿಸಿದ.

ಬೀದಿಯಿಂದ ಯಾರೋ ಕೂಗಿದರು: “ಸಾವ್ಕಾರ್ರ, ನಿಚ್ಚಣಿಕಿ ತರಲೇನ್ರಿ?”

“ಇಡೀ ಬಜಾರದ ಮುಂದ ಕಳ್ಳರಂಗ ಇಳೀಲೇನು? ಅಯ್ಯನೋರನ್ನ ನಿಚ್ಚಣಿಕಿ ಮ್ಯಾಲ ಹತ್ತಸ್ತೀರೇನು?”

ಅಯ್ಯನವರು ಹೊಟ್ಟೆ ಸವರಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಮುಹೂರ್ತ ಜಾರುತ್ತಿತ್ತು. ಚಕ್ಕಡಿಯ ಎತ್ತುಗಳು ಬಾಗಿಲಿಗೆ ಕಟ್ಟಿದ ತೋರಣ ಮೇಯತೊಡಗಿದವು.

“ಚಾಚಿ, ಒಂದು ದಾರಿ ಹೇಳು,” ಎಂದ ಹಣಮಂತ್ರಾಯ, ದನಿ ತಗ್ಗಿಸಿ.

“ಬೀದಿ ಕಡೆ ಪಾವಟಿಗಿ ಕಟ್ಟಸು.”

“ಅಂಗಡಿ ಹೋಗ್ತೈತಿ.”

“ಹೋಗ್ಲಿ. ಪಾವಟಿಗಿ ಬುಡಕ ಹುಲಿಗೆವ್ವ, ಸಾತವ್ವ ಕಾಯಿಪಲ್ಲೆ ಮಾರಾಕ ಕುಂದ್ರಲಿ. ಬೀದಿ ಮಂದಿಗೆ ಕೇಳೋ ಹಂಗ ಹೇಳು, ಸೊಸೆಂದಿರನ್ನ ಏಳಸೋ ವಿಚಾರ ಮಾಡೋಣು.”

ಹಣಮಂತ್ರಾಯ ಹಲ್ಲು ಕಡಿದ. ಕೆಳಗೆ ಶಿರಸ್ತೇದಾರರು ಗಾಡಿಯವನಿಗೆ ತಿರುಗಿಸಲು ಹೇಳುತ್ತಿದ್ದುದು ಕಂಡಿತು. ಅವನು ಗ್ಯಾಲರಿಗೆ ಓಡಿ, ಪಾವಟಿಗೆಯನ್ನೂ ಅದರ ಬುಡದ ಜಾಗವನ್ನೂ ಇಡೀ ಬಜಾರಿಗೆ ಕೇಳುವಂತೆ ಒಪ್ಪಿಕೊಂಡ. ಜನ ಓ ಎಂದರು. ಅಯ್ಯನವರು ಸಾಕ್ಷಿಯೆಂಬಂತೆ ಗಂಟೆ ಬಾರಿಸಿದರು.

“ಆತಲ್ಲ? ಇನ್ನರ ಅವರನ್ನ ಒಳಗ ಕಳಸು.”

“ನನ್ನ ಮಾತು ಕೇಳ್ತಾರೋ ಇಲ್ಲೋ. ನೀನ ಹೇಳಿ ನೋಡು.”

ಹಣಮಂತ್ರಾಯ ಗೋಡೆಗೆ ಮುಖ ಮಾಡಿ ನಿಂತು, ಬಹಳ ಮರ್ಯಾದೆಯಿಂದ ಹೇಳಿದ: “ತಂಗೆವ್ವಾ, ಇಬ್ಬರೂ ತುಸು ಒಳಗ ಹೋಗ್ರವಾ. ನಾ ಇಳೀಬೇಕು.”

“ಒಲ್ಲೆವ್ರಿ ಸಾವ್ಕಾರ್ರ, ಮೊದಲ ಪಾವಟಿಗಿ ಕಟ್ಟಸ್ರಿ, ಆಮ್ಯಾಲ ಇಳೀರಿ,” ಎಂದು ಬುರ್ಖಾದ ಮುಸುಕು ಸರಿಸಿ ಬೆವರು ಒರೆಸಿಕೊಂಡವಳು ಹುಲಿಗೆವ್ವ.