ಕೂತಲ್ಲೇ ದುಡಿದ ದುಡ್ಡು

ಹೆಂಡತಿಯ ಊದಿಕೊಂಡ ಕಾಲುಗಳನ್ನು ಬಿಸಿನೀರಿನ ಟಬ್ಬಿಗೆ ಇಳಿಸಿ, ನೆಲದ ಮೇಲೆ ಕೂತಿದ್ದ ಗಂಡ ಒಂದೇ ಉಸಿರಿಗೆ ಹೇಳಿಬಿಟ್ಟ: "ನಾಳೆನೇ ರಾಜೀನಾಮೆ ಕೊಟ್ಟುಬಿಡು ಕಣೇ."

ಬಾಯಿಗೆ ಬಂದಂತೆ ಆಡಿದ ಮಾತಲ್ಲ ಅದು. ಫ್ಯಾಕ್ಟರಿಯಲ್ಲಿ ಯಂತ್ರ ಜಾರಿ ಬೆನ್ನು ಮುರಿದಾಗ ಬಂದ ಪರಿಹಾರವನ್ನು ಅವನು ಶೇರಿಗೆ ಹಾಕಿದ್ದ. ಈ ವರ್ಷ ಆ ದುಡ್ಡು ಕೂತಲ್ಲೇ ಅವಳ ಸಂಬಳದಷ್ಟು ಲಾಭ ತಂದಿತ್ತು. ಅವಳ ಸಂಬಳದಲ್ಲಿ ತೆರಿಗೆಗೆ ಹೋದದ್ದರ ಅರ್ಧದಷ್ಟು ತೆರಿಗೆಯೂ ಈ ಲಾಭಕ್ಕೆ ಬಿದ್ದಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ನರ್ಸು ಅವಳು. ದಿನವಿಡೀ ವಾರ್ಡಿನಲ್ಲಿ ನಿಂತು ನಿಂತು ಸೊರಗುವುದನ್ನು ನೋಡಲಾರದೆ ಪಾಪ ಇವನೇ ಸೋತಿದ್ದ. ಅವಳ ಉಳಿತಾಯವನ್ನೂ ಶೇರಿಗೆ ಹಾಕಿದರೆ ಇಬ್ಬರೂ ಹಾಯಾಗಿ ಮನೆಯಲ್ಲಿರಬಹುದಲ್ಲ ಎಂಬುದು ಅವನ ಎಣಿಕೆ.

ಅವಳು ನೀರಿನಲ್ಲಿ ಬೆರಳಾಡಿಸುತ್ತಾ ಕೇಳಿಸಿಕೊಂಡಳು. ಆಸೆಯಾಗಲಿಲ್ಲವೆಂದರೆ ಸುಳ್ಳು. ಆಮೇಲೆ ಮೆಲ್ಲಗೆ ತಕರಾರು ತೆಗೆದಳು. "ನಿಂತು ದುಡಿದ ನನಗೆ ಅಷ್ಟು ತೆರಿಗೆ, ಕೂತ ದುಡ್ಡಿಗೆ ಇಷ್ಟೇನಾ? ದುಡ್ಡಿಗೇನು ಕಾಲು ನೋಯುತ್ತಾ ರೀ?"

ಅವನು ನಕ್ಕು, ತೆರಿಗೆ ಸಲಹೆಗಾರ ಹೇಳಿದ್ದನ್ನು ಗಿಳಿಪಾಠದಂತೆ ಒಪ್ಪಿಸಿದ. ಹೂಡಿದ ದುಡ್ಡು ಮುಳುಗಲೂಬಹುದು, ಅಷ್ಟು ರಿಸ್ಕ್ ತಗೊಳ್ಳುವವರಿಗೆ ಒಂದಿಷ್ಟು ರಿಯಾಯಿತಿ ಬೇಡವೇ, ಇಲ್ಲದಿದ್ದರೆ ಫ್ಯಾಕ್ಟರಿ ತೆರೆಯುವವರಾದರೂ ಯಾರು ಎಂದ.

"ಆ ಫ್ಯಾಕ್ಟರಿಲಿ ನಿಮ್ಮ ಬೆನ್ನು ತಗೊಂಡಿದ್ದು ರಿಸ್ಕ್ ಅಲ್ವಾ? ಅದಕ್ಕೆ ಯಾರು ರಿಯಾಯಿತಿ ಕೊಟ್ರು?"

ಅವನ ಕೈ ತಾನಾಗಿ ಬೆನ್ನಿಗೆ ಹೋಯಿತು. ದುಡಿಯುತ್ತಿದ್ದಾಗ ಅವನ ಸಂಬಳದಲ್ಲೂ ತಿಂಗಳು ತಿಂಗಳು ತೆರಿಗೆ ಹಿಡಿಯುತ್ತಿದ್ದರು, ಅವನೂ ತಪ್ಪದೆ ಬೈದುಕೊಳ್ಳುತ್ತಿದ್ದ. ಹಾಗೆ ಹಿಡಿದ ದುಡ್ಡಿನಲ್ಲಿ ನಡೆಯುವ ಅವಳದೇ ವಾರ್ಡಿನಲ್ಲಿ ಆಮೇಲೆ ತಿಂಗಳುಗಟ್ಟಲೆ ಮಲಗಿದ್ದ. ಬಿಡಿಗಾಸೂ ಕೇಳದೆ ಅವನನ್ನು ಕಾಲ ಮೇಲೆ ನಿಲ್ಲಿಸಿ ಕಳಿಸಿದ್ದರು.

ಕೆಲಸ ಬಿಡುವ ಮಾತು ಸದ್ಯಕ್ಕೆ ಬೇಡ ಎಂದಳು ಅವಳು. ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದ ಒಬ್ಬ ಪೇಂಟರ್‌ನನ್ನು ನಾಳೆ ಮೊದಲ ಸಲ ಕಾಲ ಮೇಲೆ ನಿಲ್ಲಿಸಬೇಕಂತೆ; ಹೊಸಬರ ಕೈಗೆ ಬಿಟ್ಟರೆ ಹೆದರಿಕೊಳ್ಳುತ್ತಾನಂತೆ.

ನೀರು ತಣ್ಣಗಾಗಿತ್ತು. ಬಿಸಿನೀರು ತರುತ್ತೇನೆಂದು ಅವನು ಏಳಲು ಹೋದ, ಬೆನ್ನು ಹಿಡಿದುಕೊಂಡಿತು. ಅವಳು ಒದ್ದೆ ಕಾಲಲ್ಲೇ ಎದ್ದು ನಿಂತು, ಅವನ ಕಂಕುಳಡಿ ಕೈ ಕೊಟ್ಟು, ವಾರ್ಡಿನ ದನಿಯಲ್ಲೇ "ಒಂದು, ಎರಡು, ಮೇಲೆ" ಎಂದು ಎಬ್ಬಿಸಿದಳು.

"ಬೆನ್ನು ಮುರಿಯೋವರೆಗೂ ತೆರಿಗೆ ಜಾಸ್ತಿ ಹಿಡಿದ್ರು, ಮುರಿದ ಮೇಲೆ ಕಮ್ಮಿ ಮಾಡಿದ್ರು, ಅಲ್ವೇನೇ?" ಎಂದ ಅವನು, ಅವಳ ಭುಜ ಬಿಡದೆ.